ಮರಗೆಣಸಿನ ಬೇರಿಗೆ ಊಟ ತರುವವರು ಯಾರು?

ಮೂಡಿಗೆರೆಯಿಂದ ಕಳಸದ ಕಡೆ ಹೊರಟರೆ ಎಲ್ಲೆಲ್ಲೂ ಕಾಫಿ ತೋಟಗಳೇ. ನಡುನಡುವೆ ಮನೆಯ ಹಿತ್ತಲಿನಲ್ಲೋ ಬೇಲಿಯ ಬದಿಯಲ್ಲೋ ಅಂಗೈಯಂತೆ ಎಲೆ ಹರಡಿದ ಮರಗೆಣಸಿನ ಗಿಡಗಳೂ ಕಾಣಸಿಗುತ್ತವೆ. ಕಾಫಿಗೆ ಎರಡು-ಮೂರು ವರ್ಷಕ್ಕೊಮ್ಮೆ ಸುಣ್ಣ ಹಾಕುವುದು ತೋಟಗಳ ವಾಡಿಕೆ. ಅದೇ ಮಣ್ಣಿನಲ್ಲಿ ಮರಗೆಣಸಿನ ಕಡ್ಡಿಯೊಂದನ್ನು ನೆಟ್ಟರೆ, ಸುಣ್ಣದ ಉಪಚಾರವಿಲ್ಲದೆಯೇ ಸುಮಾರು 10 ತಿಂಗಳಲ್ಲಿ ಗೆಡ್ಡೆ ಕೀಳಬಹುದು. ಇದು ಹೇಗೆ ಸಾಧ್ಯ?

ಮೊದಲು ಮಣ್ಣನ್ನು ನೋಡೋಣ. ಮಲೆನಾಡಿನ ಮುಂಗಾರು ಮಳೆಯು ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ತೊಳೆದು ಒಯ್ಯುತ್ತದೆ. ಅವುಗಳ ಜಾಗದಲ್ಲಿ ಜಲಜನಕ ಮತ್ತು ಅಲ್ಯೂಮಿನಿಯಂ ಅಯಾನುಗಳು ಕೂರುತ್ತವೆ, ಮಣ್ಣು ಹುಳಿಯಾಗುತ್ತದೆ. ಈ ಹುಳಿಯ ಅಳತೆಯೇ ರಸಸಾರ. 7 ತಟಸ್ಥ. ರಸಸಾರ 6ರಿಂದ 5ಕ್ಕೆ ಇಳಿದರೆ ಒಂದೇ ಅಂಕಿಯ ವ್ಯತ್ಯಾಸವೆಂದು ತಿಳಿಯಬೇಡಿ, ಆಮ್ಲತೆ ಹತ್ತು ಪಟ್ಟು ಏರಿರುತ್ತದೆ. ಕಾಫಿಗೆ 6ರ ಆಸುಪಾಸು ಹಿತ. ಮರಗೆಣಸು 5ಕ್ಕಿಂತ ಕೆಳಗೂ ತಾಳಿಕೊಳ್ಳುತ್ತದೆ.

ತಾಳಿಕೊಂಡರಷ್ಟೇ ಸಾಲದು, ಊಟವೂ ಬೇಕಲ್ಲ! ಹುಳಿ ಮಣ್ಣಿನಲ್ಲಿ ರಂಜಕ ಇದ್ದೂ ಇಲ್ಲದಂತೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡುಗಳೂ ಅಲ್ಯೂಮಿನಿಯಂ ಕೂಡ ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಮರಗೆಣಸಿನ ಬೇರುಗಳೋ ದಪ್ಪ, ಸಂಖ್ಯೆಯಲ್ಲಿ ಕಡಿಮೆ, ಬೇರುರೋಮಗಳೂ ವಿರಳ. ಲೆಕ್ಕದ ಪ್ರಕಾರ ಸೊರಗಿ ಹೋಗಬೇಕಾದ ಬೆಳೆ ಇದು.

ಇದನ್ನು ಕಾಪಾಡುವುದು ಮೈಕೊರೈಜಾ ಎಂಬ ಬೇರುಶಿಲೀಂಧ್ರ. ಅದು ಬೇರಿನ ಜೀವಕೋಶಗಳನ್ನು ಹೊಕ್ಕು, ಪುಟ್ಟ ಮರದಂತೆ ಕವಲೊಡೆಯುತ್ತದೆ. ಕೂದಲಿಗಿಂತ ಎಷ್ಟೋ ಸಪೂರವಾದ ಅದರ ಎಳೆಗಳು ಬೇರಿನಿಂದ ಸೆಂಟಿಮೀಟರುಗಟ್ಟಲೆ ಆಚೆಗೆ ಹರಡಿ ರಂಜಕವನ್ನು ಹೀರಿ ತರುತ್ತವೆ. ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಕೊಲಂಬಿಯಾ ದೇಶದ ಕಾಲಿ ಬಳಿಯಿರುವ ಅಂತರರಾಷ್ಟ್ರೀಯ ಕೃಷಿ ಕೇಂದ್ರದಲ್ಲಿ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಸೂಕ್ಷ್ಮಜೀವಿಗಳನ್ನು ಕೊಂದ ಮಣ್ಣಿನಲ್ಲಿ ನೆಟ್ಟ ಮರಗೆಣಸು, ರಂಜಕದ ಗೊಬ್ಬರವನ್ನು ಧಾರಾಳವಾಗಿ ಸುರಿಯದ ಹೊರತು ಕುಳ್ಳಾಗಿಯೇ ಉಳಿಯಿತು. ಶಿಲೀಂಧ್ರ ಬೆರೆಸಿದ ಕುಂಡಗಳಲ್ಲಿ ಗಿಡ ಚೇತರಿಸಿಕೊಂಡಿತು.

ಕಾಫಿಗೆ ಒಳ್ಳೆಯದೆಂದು ಮರಗೆಣಸಿಗೂ ಸುಣ್ಣ ಸುರಿಯುವುದು ಜಾಣತನವಲ್ಲ. ಸುಣ್ಣ ಮಿತಿಮೀರಿದರೆ ಸತು ಕರಗದೆ ಎಳೆಯ ಎಲೆಗಳ ನರಗಳ ನಡುವೆ ಬಿಳಿಚು ಮೂಡುತ್ತದೆ. ಇನ್ನೊಂದು ಅಪಾಯ ದೊಡ್ಡದು: ಶಿಲೀಂಧ್ರ ಹೆಚ್ಚಾಗಿ ಇರುವುದು ಮೇಲ್ಮಣ್ಣಿನಲ್ಲಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದಾಗ ಕೊಚ್ಚಿ ಹೋದದ್ದು ಬರೀ ಮಣ್ಣಲ್ಲ, ಈ ಎಳೆಗಳ ಜಾಲವೂ ಹೌದು. ಇಳಿಜಾರಿನಲ್ಲಿ ಗೆಡ್ಡೆ ಅಗೆದ ಮೇಲೆ ನೆಲವನ್ನು ಮಳೆಗೆ ಬರಿದಾಗಿ ಬಿಟ್ಟರೆ ಅದೇ ನಷ್ಟ ಸದ್ದಿಲ್ಲದೆ ಆಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ನೆರವಿನಿಂದ ಇದನ್ನು ನೀವೂ ಕಾಣಬಹುದು. ಮರಗೆಣಸಿನ ಸಣ್ಣ ಬೇರುಗಳನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿ ತೊಳೆಯಿರಿ. ವಿನಿಗರ್‌ಗೆ ಫೌಂಟನ್ ಪೆನ್ನಿನ ಶಾಯಿ ಬೆರೆಸಿ, ಅದರಲ್ಲಿ ಕೆಲವು ನಿಮಿಷ ಕಾಯಿಸಿ. ಸೂಕ್ಷ್ಮದರ್ಶಕದಡಿ ಮಸುಕಾದ ಬೇರಿನೊಳಗೆ ಶಾಯಿಯ ಬಣ್ಣದ ಎಳೆಗಳು ಎದ್ದು ಕಾಣುತ್ತವೆ.