ಊಟಿ ರಸ್ತೆಯಲ್ಲಿ ಜಿಂಕೆ ಕೂಗುವ ಕಾಲ

ಏಪ್ರಿಲ್ ಬಂತೆಂದರೆ ಮೈಸೂರಿನಿಂದ ಊಟಿಗೆ ಹೋಗುವ ಬಸ್ಸುಗಳಲ್ಲಿ ನಿಲ್ಲೋಕೂ ಜಾಗ ಇರುವುದಿಲ್ಲ. ಮಕ್ಕಳಿಗೆ ರಜ, ದೊಡ್ಡವರಿಗೆ ಸೆಕೆ. ಗುಂಡ್ಲುಪೇಟೆಯಲ್ಲಿ ಟೀ ಕುಡಿದು, ಮೇಲುಕಾಮನಹಳ್ಳಿ ಗೇಟು ದಾಟಿ ಬಸ್ಸು ಬಂಡೀಪುರದ ಕಾಡಿಗೆ ಇಳಿಯುತ್ತಿದ್ದಂತೆ ಕಿಟಕಿ ಪಕ್ಕದ ಸೀಟಿಗೆ ಸಣ್ಣ ಜಗಳವೇ ನಡೆಯುತ್ತದೆ. ಹೊತ್ತು ಇಳಿದಿದ್ದರೆ, ರಸ್ತೆಯ ಉಬ್ಬಿಗೆ ಬಸ್ಸು ನಿಧಾನವಾದಾಗ, ಪೊದೆಯ ಆಚೆಯಿಂದ ಒಂದು ಕೂಗು ಕೇಳಿಸುತ್ತದೆ. ಒರಟು ಕೂಗು. ಗಂಟಲು ಕಟ್ಟಿದ ಹೋರಿ ಉಸಿರು ಬಿಗಿಹಿಡಿದು ಕೂಗಿದ ಹಾಗೆ.

"ಏನ್ರೀ ಅದು, ಹುಲೀನಾ?" ಅಂತ ಪಕ್ಕದವರನ್ನು ಕೇಳುವವರು ಪ್ರತಿ ವರ್ಷವೂ ಇರುತ್ತಾರೆ.

ಹುಲಿಯಲ್ಲ ಸ್ವಾಮಿ, ಜಿಂಕೆ. ಮೈಮೇಲೆ ಬಿಳಿ ಚುಕ್ಕೆಯಿರುವ, ಕ್ಯಾಲೆಂಡರಿನಲ್ಲಿ ಸೀತಮ್ಮನ ಕುಟೀರದ ಮುಂದೆ ನಿಂತಿರುವ, ಸಾಧು ಪ್ರಾಣಿ ಎಂದು ಎಲ್ಲರೂ ನಂಬಿರುವ ಅದೇ ಚುಕ್ಕೆ ಜಿಂಕೆ. ಹಳಬರ ಬಾಯಲ್ಲಿ ಸಾರಗ. ಗಂಡು ಸಾರಗ ಬೆದೆಗೆ ಬಂದಾಗ ಹೀಗೆ ಕೂಗುತ್ತದೆ. ಆ ದಿನಗಳಲ್ಲಿ ಅದರಲ್ಲಿ ಸಾಧುತನ ಹುಡುಕಬೇಡಿ.

ಜಿಂಕೆಯ ಇನ್ನೊಂದು ಕೂಗು ಬೇರೆ. ಅದು ಅಪಾಯದ ಕೂಗು: ಚಿಕ್ಕದು, ಚೂಪಾದದ್ದು, ಸೀಟಿಯ ಹಾಗೆ ಥಟ್ಟನೆ ಬಂದು ನಿಲ್ಲುವಂಥದ್ದು. ಹುಲಿಯನ್ನೋ ಚಿರತೆಯನ್ನೋ ಸೀಳುನಾಯಿಯನ್ನೋ ಕಂಡರೆ ಹೆಣ್ಣೂ ಕೂಗುತ್ತದೆ, ಗಂಡೂ ಕೂಗುತ್ತದೆ. ಮರದ ಮೇಲಿನ ಮುಸುವ ಅದಕ್ಕೆ ದನಿಗೂಡಿಸುತ್ತದೆ. ಬೆದೆಯ ಕೂಗು ಗಂಡಿನದು ಮಾತ್ರ. ಅದು ಓಡಿಹೋಗಿ ಎನ್ನುವ ಕೂಗಲ್ಲ, ನಾನಿಲ್ಲಿದ್ದೇನೆ ಎನ್ನುವ ಕೂಗು. ತಾನಿರುವ ಜಾಗವನ್ನು ತಾನೇ ಊರಿಗೆಲ್ಲ ಸಾರುವುದು ಕಾಡಿನಲ್ಲಿ ಎಷ್ಟು ದೊಡ್ಡ ತಪ್ಪು ಎಂದು ಬೇರೆ ದಿನಗಳಲ್ಲಿ ಜಿಂಕೆಗೆ ಚೆನ್ನಾಗಿ ಗೊತ್ತು. ಬೆದೆಯ ದಿನಗಳಲ್ಲಿ ಮರೆತುಬಿಡುತ್ತದೆ.

ಆ ಮರೆವೇ ಹಿಂದೆ ಶಿಕಾರಿಯವರ ಬಂಡವಾಳ. ಬಂದೂಕು ಹಿಡಿದವರೆಲ್ಲ ಶಿಕಾರಿಯವರಾಗುತ್ತಿರಲಿಲ್ಲ. ಕಾಡಿನ ಪಂಚಾಂಗ ಓದಲು ಬಂದವರು ಮಾತ್ರ ಆಗುತ್ತಿದ್ದರು. ಗುಂಡಿಗಿಂತ ಮೊದಲು ಕಣ್ಣು ಕೆಲಸ ಮಾಡಬೇಕು. ಮೊದಲು ನೋಡುತ್ತಿದ್ದದ್ದು ಎಳೆ ಮರಗಳನ್ನು. ಜಿಂಕೆಯ ಕೊಂಬು ಪ್ರತಿ ವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ಹಾಗಲ್ಲ, ಒಮ್ಮೆ ಬಂದರೆ ಸಾಯುವವರೆಗೂ ಅದೇ. ಜಿಂಕೆಗೆ ಹೊಸ ಕೊಂಬು ಮೂಡುವಾಗ ಮೆತ್ತಗಿರುತ್ತದೆ. ಮೇಲೆ ಮಖಮಲ್ಲಿನಂಥ ಚರ್ಮ, ಒಳಗೆ ರಕ್ತ ಹರಿಯುತ್ತಿರುತ್ತದೆ. ಆಗ ಅದು ಯಾವ ಜಗಳಕ್ಕೂ ಹೋಗುವುದಿಲ್ಲ. ಕೊಂಬು ಬಲಿತ ಮೇಲೆ ಆ ಚರ್ಮ ಒಣಗಿ ಸುಲಿಯುತ್ತದೆ. ಗಂಡು ಎಳೆ ಮರಕ್ಕೆ ಕೊಂಬನ್ನು ತಿಕ್ಕಿ ತಿಕ್ಕಿ ಸಿಪ್ಪೆ ಎಬ್ಬಿಸುತ್ತದೆ. ಮನುಷ್ಯನ ಸೊಂಟದ ಮಟ್ಟದಲ್ಲಿ ತೊಗಟೆ ಕಿತ್ತು ಒಳಗಿನ ಬಿಳಿ ಕಂಡರೆ ಅಲ್ಲೊಂದು ಗಂಡು ತಯಾರಾಗಿದೆ ಎಂದರ್ಥ. ಚರ್ಮ ಪೂರ್ತಿ ಹೋದ ಮೇಲೂ ತಿಕ್ಕುವುದು ನಿಲ್ಲುವುದಿಲ್ಲ. ಈಗ ಅದು ತುರಿಕೆಗಲ್ಲ, ಗುರುತು ಹಾಕುವುದಕ್ಕೆ. ಗಾಯ ಹಸಿಯಾಗಿ ಅಂಟು ಸೋರುತ್ತಿದ್ದರೆ ಇವತ್ತಿನದು, ಒಣಗಿ ಕಂದಾಗಿದ್ದರೆ ಹಳೆಯದು. ಇಷ್ಟು ತಿಳಿಯಲು ಯಾವ ಕಾಲೇಜಿಗೂ ಹೋಗಬೇಕಾಗಿಲ್ಲ.

ಇನ್ನೊಂದು ಗುರುತು ಬಸ್ಸಿನವರಿಗೂ ಕಾಣುತ್ತದೆ, ಆದರೆ ತಪ್ಪಾಗಿ ಅರ್ಥವಾಗುತ್ತದೆ. ಗಂಡು ಜಿಂಕೆ ಹಿಂಗಾಲ ಮೇಲೆ ಎದ್ದು ನಿಂತು, ತಲೆಯ ಮೇಲಿನ ಕೊಂಬೆಗೆ ಮುಖ ಚಾಚಿ ಕೊಂಬು ಆಡಿಸುತ್ತದೆ. "ಪಾಪ, ಹಸಿವು, ಎಲೆ ತಿಂತಿದೆ" ಅಂದುಕೊಳ್ಳುತ್ತಾರೆ. ತಿನ್ನುತ್ತಿರುವುದಿಲ್ಲ. ಕಣ್ಣಿನ ಹತ್ತಿರದ ಗ್ರಂಥಿಯ ವಾಸನೆಯನ್ನು ಆ ಕೊಂಬೆಗೆ ಸವರುತ್ತಿರುತ್ತದೆ. ವೇದಿಕೆ ಹತ್ತಿ ಭಾಷಣ ಮಾಡಿದ ಹಾಗೆ ಕಾಣುವ ಈ ನಿಲುವು ಚುನಾವಣೆ ಕಾಲದಲ್ಲಿ ಯಾರಿಗಾದರೂ ಪರಿಚಿತವೇ. ಕೆಲವು ಗಂಡುಗಳು ನೆಲದ ಹುಲ್ಲಿಗೆ ಕೊಂಬು ಹಾಕಿ ಕಿತ್ತು, ಆ ಹುಲ್ಲನ್ನು ಕಿರೀಟದ ಹಾಗೆ ಹೊತ್ತುಕೊಂಡು ತಿರುಗುವುದೂ ಉಂಟು. ಕತ್ತು ದಪ್ಪವಾಗುತ್ತದೆ, ಮೈಬಣ್ಣ ಕಪ್ಪಿಗೆ ತಿರುಗುತ್ತದೆ. ಮೇವಿನ ಮೇಲೆ ಗಮನವಿಲ್ಲ. ಒಂದು ಹಿಂಡು ಬಿಟ್ಟು ಇನ್ನೊಂದಕ್ಕೆ ಅಲೆಯುತ್ತದೆ. ಹೆಣ್ಣಿನ ಹಿಂದೆ ಮೂಗು ಚಾಚಿ, ಮೇಲ್ದುಟಿ ಮಡಿಸಿ ವಾಸನೆ ಹಿಡಿಯುತ್ತದೆ. ಬೆದೆಗೆ ಬಂದ ಹೆಣ್ಣು ಸಿಕ್ಕರೆ ಅದರ ಪಕ್ಕ ಬಿಟ್ಟು ಕದಲುವುದಿಲ್ಲ. ಸಮ ಜೋಡಿಯ ಇನ್ನೊಂದು ಗಂಡು ಬಂದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ, ಓರೆಗಣ್ಣಲ್ಲಿ ಅಳೆಯುತ್ತಾ ಜೊತೆಜೊತೆಗೆ ನಡೆಯುತ್ತವೆ. ಬಹಳ ಸಲ ಅಷ್ಟಕ್ಕೇ ಒಂದು ಸೋತು ಹೋಗುತ್ತದೆ. ಆಗದಿದ್ದರೆ ಮಾತ್ರ ಕೊಂಬಿಗೆ ಕೊಂಬು.

ಹಾಗಾದರೆ ಇದಕ್ಕೆ ತಾರೀಖು ಉಂಟೋ? ಸ್ಕಾಟ್ಲೆಂಡಿನಲ್ಲಿ ಉಂಟು. ಅಲ್ಲಿನ ಕೆಂಜಿಂಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗೆ ಅಬ್ಬರಿಸುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಬಿಳಿಬಾಲದ ಜಿಂಕೆಗೆ ನವೆಂಬರ್ ನಡುಭಾಗ. ಬೇಟೆಗಾರರು ಕೆಲಸಕ್ಕೆ ರಜ ಹಾಕಿ ಆ ವಾರ ಕಾಯುತ್ತಾರೆ. ಹಗಲು ಗಿಡ್ಡವಾಗುವುದೇ ಅಲ್ಲಿನ ಗಡಿಯಾರ. ಹಿಮ ಕರಗಿ ಹುಲ್ಲು ಬರುವ ಹೊತ್ತಿಗೆ ಮರಿ ಹುಟ್ಟಬೇಕು, ತಡವಾದರೆ ಮರಿ ಉಳಿಯುವುದಿಲ್ಲ. ನಮ್ಮಲ್ಲಿ ಹಿಮವೂ ಇಲ್ಲ, ಅಷ್ಟು ಅವಸರವೂ ಇಲ್ಲ. ಒಂದೊಂದು ಗಂಡಿನ ಕೊಂಬಿಗೂ ಅದರದೇ ಲೆಕ್ಕ. ಯಾವ ತಿಂಗಳಲ್ಲಿ ನೋಡಿದರೂ ಗಟ್ಟಿ ಕೊಂಬಿನವು ಕೆಲವು, ಮಖಮಲ್ಲಿನವು ಕೆಲವು, ಬೋಳುತಲೆಯವು ಕೆಲವು ಕಂಡೇ ಕಾಣುತ್ತವೆ. ಆದರೂ ಜೋರಿನ ಕಾಲ ಅಂತ ಒಂದಿದೆ: ಬೇಸಿಗೆ ಏರಿ ಮುಂಗಾರು ಹಿಡಿಯುವವರೆಗೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ. ಅಮೆರಿಕದ ಜಾರ್ಜ್ ಶಾಲರ್ 1960ರ ದಶಕದಲ್ಲಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಕೂತು ಜಿಂಕೆ ಎಣಿಸಿದಾಗಲೂ ಮೇ, ಜೂನ್ ತಿಂಗಳಿನ ಕೂಗೇ ಹೆಚ್ಚು ಕಂಡಿತ್ತು. ಜೂನ್ 8ರ ಹೊತ್ತಿಗೆ ಬರುವ ಮಳೆಗೆ ಮೃಗಶಿರ, ಅಂದರೆ ಜಿಂಕೆಯ ತಲೆ, ಎಂದು ಹೆಸರಿಟ್ಟವರು ಆಕಾಶದ ಚುಕ್ಕೆ ನೋಡಿ ಇಟ್ಟರೇ ಹೊರತು ಬಂಡೀಪುರ ನೋಡಿ ಅಲ್ಲ. ಆದರೂ ಲೆಕ್ಕ ಕೂಡಿಬಿಟ್ಟಿದೆ.

ಕಡವೆಯದು ಬೇರೆ ಪಂಚಾಂಗ. ಅದಕ್ಕೆ ಚಳಿಗಾಲ, ಹೆಚ್ಚಾಗಿ ನವೆಂಬರ್, ಡಿಸೆಂಬರ್. ಗಂಡು ಕಡವೆ ಕೆಸರಿನಲ್ಲಿ ಹೊರಳಿ, ತನ್ನ ಮೂತ್ರವನ್ನೇ ಮೈಗೆ ಹಾರಿಸಿಕೊಂಡು, ಮೂರು ಮಾರು ದೂರಕ್ಕೇ ನಾರುತ್ತದೆ. ಕತ್ತಿನ ಬುಡದಲ್ಲಿ ಕೂದಲು ಉದುರಿ ಹುಣ್ಣಿನಂಥ ಮಚ್ಚೆ ಏಳುತ್ತದೆ. ಕಾಯಿಲೆ ಎಂದುಕೊಳ್ಳುವವರಿದ್ದಾರೆ, ಕಾಯಿಲೆಯಲ್ಲ. ಕೊಡಗಿನಲ್ಲಿ ನಾಟಿ ಕೆಲಸ ಮುಗಿದು, ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡಿ ಬೇಟೆಗೆ ಹೊರಡುತ್ತಿದ್ದರಲ್ಲ, ಆ ಕಾಲದ ಬೇಟೆ ಸರಿಯಾಗಿ ಕಡವೆಯ ಬೆದೆಗಾಲಕ್ಕೆ ಹೋಗಿ ಮುಟ್ಟುತ್ತಿತ್ತು. ಇನ್ನು ಕಾಡುಕುರಿಗೆ ಕಾಲವೇ ಇಲ್ಲ, ವರ್ಷವಿಡೀ ನಡೆಯುತ್ತದೆ. ನಾಯಿಯ ಹಾಗೆ ಬೊಗಳಿಕೊಂಡು ತನ್ನ ಪಾಡಿಗೆ ತಾನಿರುತ್ತದೆ.

ಶಿಕಾರಿಗೆ ಲೈಸೆನ್ಸು ಕೊಡುತ್ತಿದ್ದ ಕಾಲದಲ್ಲಿ ದೇಶದ ಅನೇಕ ಕಡೆ ಒಂದು ನಿಯಮವಿತ್ತು. ಹೆಣ್ಣಿಗೆ ಗುಂಡು ಹೊಡೆಯಬಾರದು, ಮಖಮಲ್ಲು ಕೊಂಬಿನ ಗಂಡಿಗೂ ಹೊಡೆಯಬಾರದು. ಕೇಳಲು ಧರ್ಮವಾಗಿದೆ. ಆದರೆ ಕೊಂಬು ಗಟ್ಟಿಯಾಗುವುದೂ ಬೆದೆಗೆ ಬರುವುದೂ ಒಟ್ಟೊಟ್ಟಿಗೆ. ಗಟ್ಟಿ ಕೊಂಬಿನದನ್ನೇ ಹೊಡೆಯಿರಿ ಎಂದರೆ ವಂಶ ಬೆಳೆಸಲು ನಿಂತದ್ದನ್ನೇ ಹೊಡೆಯಿರಿ ಎಂದ ಹಾಗಾಯಿತು. ಅದರಲ್ಲೂ ಗೋಡೆಗೆ ಬೇಕಾದದ್ದು ದೊಡ್ಡ ಕೊಂಬು. ಮೈಸೂರು ಸೀಮೆಯ ಹಳೆ ಬಂಗಲೆಗಳಲ್ಲಿ ಮೂರು ಕವಲಿನ ಕೊಂಬುಗಳು ಸಾಲಾಗಿ ಧೂಳು ಹಿಡಿದು ತೂಗುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಕೂಗುತ್ತಲೇ ಗುಂಡು ತಿಂದವು ಎಂದರೆ ತಪ್ಪಾಗಲಾರದು.

ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಬೇಟೆ ಲೈಸೆನ್ಸಿನ ಪದ್ಧತಿಯೇ ಹೋಯಿತು. ಅಭಯಾರಣ್ಯದಲ್ಲೋ ರಾಷ್ಟ್ರೀಯ ಉದ್ಯಾನದಲ್ಲೋ ಜಿಂಕೆ ಹೊಡೆದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಕೊಂಬನ್ನು ಚೀಲಕ್ಕೆ ಹಾಕಿಕೊಂಡು ಬಂದರೂ ಕೇಸೇ. "ಬಿದ್ದಿತ್ತು, ಎತ್ಕೊಂಡೆ" ಎಂಬ ಮಾತು ನಡೆಯುವುದಿಲ್ಲ.

ಆದರೆ ಕಾಯ್ದೆ ಬಂದಾಕ್ಷಣ ಕಾಡಿನ ಪಂಚಾಂಗ ಬದಲಾಗಲಿಲ್ಲ. ಅದನ್ನು ಓದಬಲ್ಲವರು ಈಗ ಎರಡು ಕಡೆ ಇದ್ದಾರೆ. ಕಾಡಂಚಿನಲ್ಲಿ ಉರುಳು ಕಟ್ಟುವವನೂ, ರಾತ್ರಿ ಬ್ಯಾಟರಿ ಬಿಟ್ಟು ನಾಡಬಂದೂಕು ಹಿಡಿಯುವವನೂ ಅದೇ ಕೂಗಿಗೆ ಕಿವಿಗೊಡುತ್ತಾನೆ, ಅದೇ ಸುಲಿದ ಮರ ನೋಡುತ್ತಾನೆ. ಗಸ್ತು ತಿರುಗುವ ವಾಚರ್ ಕೂಡ ಅದನ್ನೇ ನೋಡಬೇಕು. ಯಾರು ಮೊದಲು ನೋಡಿದರು ಎನ್ನುವುದರ ಮೇಲೆ ಆ ಗಂಡಿನ ಆಯುಸ್ಸು ನಿಂತಿರುತ್ತದೆ. ಮೇ ತಿಂಗಳ ಕಾಡಿನಲ್ಲಿ ಕೆರೆಗಳು ಬತ್ತಿ, ನೀರು ಉಳಿದಿರುವ ಜಾಗ ಬೆರಳೆಣಿಕೆಯಷ್ಟು. ಬೆಂಕಿಯ ಭಯ ಬೇರೆ. ಇಲಾಖೆಯವರ ಅರ್ಧ ಜೀವ ಬೆಂಕಿ ಕಾಯುವುದರಲ್ಲೇ ಹೋಗುವ ದಿನಗಳು ಅವು.

ಬೆದೆಯ ಮೈಮರೆವಿಗೆ ಕಾಡೇ ವಿಧಿಸುವ ದಂಡವೂ ಕಡಿಮೆಯೇನಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಅಮೆರಿಕದ ಮೆಲ್ವಿನ್ ಸನ್‌ಕ್ವಿಸ್ಟ್ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಹುಲಿ ಮತ್ತು ಸೀಳುನಾಯಿ ಹಿಡಿದ ಚುಕ್ಕೆ ಜಿಂಕೆಗಳಲ್ಲಿ ಬೆಳೆದ ಗಂಡುಗಳ ಪಾಲು, ಹಿಂಡಿನಲ್ಲಿರುವ ಅವುಗಳ ಪಾಲಿಗಿಂತ ಹೆಚ್ಚು.  ಒಂಟಿಯಾಗಿ ಅಲೆಯುವುದು, ಹೆಣ್ಣಿನ ಹಿಂದೆ ಕಣ್ಣುಮುಚ್ಚಿ ನಡೆಯುವುದು, ಜಗಳವಾಡಿ ಗಾಯಗೊಳ್ಳುವುದು, ಮೇವು ಬಿಟ್ಟು ಸೊರಗುವುದು. ಇಷ್ಟಾದ ಮೇಲೆ ಸೀಳುನಾಯಿಗೆ ಇನ್ನೇನು ಬೇಕು?

ಹುಲಿ ತಿಂದರೆ ಅದು ಕಾಡಿನ ವ್ಯವಹಾರ. ರಸ್ತೆಯ ಮೇಲೆ ಸಾಯುವುದು ನಮ್ಮ ವ್ಯವಹಾರ. ಬಂಡೀಪುರದ ಎರಡು ಹೆದ್ದಾರಿಗಳಲ್ಲಿ, ಅಂದರೆ ಊಟಿಯದು ಒಂದು, ಕೇರಳದ ಸುಲ್ತಾನ್ ಬತೇರಿಯದು ಇನ್ನೊಂದು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಲು ಚಾಮರಾಜನಗರದ ಜಿಲ್ಲಾಧಿಕಾರಿ 2009ರಲ್ಲಿ ಆದೇಶ ಮಾಡಿದರು. ಗಲಾಟೆಯಾಯಿತು, ಕೋರ್ಟಿಗೆ ಹೋಯಿತು, 2010ರಲ್ಲಿ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ವ್ಯಾಪಾರಕ್ಕೆ ಪೆಟ್ಟು ಎಂದು ಗೊಣಗಿದವರು ಆ ಕಡೆಯೂ ಇದ್ದರು, ಈ ಕಡೆಯೂ ಇದ್ದರು. ಲಾರಿಯವರ ಕಷ್ಟ ಸುಳ್ಳಲ್ಲ. ಆದರೆ ರಾತ್ರಿ ಹೊತ್ತು ಆ ರಸ್ತೆಯಲ್ಲಿ ಸಾಯುತ್ತಿದ್ದ ಪ್ರಾಣಿಗಳ ಕಷ್ಟವೂ ಸುಳ್ಳಲ್ಲ.

ಉಳಿದಿರುವುದು ಗೇಟು ಬೀಳುವ ಮುಂಚಿನ ಹೊತ್ತು. ಬೇಸಿಗೆ ರಜದ ಜನ ಊಟಿಯಿಂದ ಹಿಂತಿರುಗುವಾಗ "ಒಂಬತ್ತರೊಳಗೆ ದಾಟ್ಬೇಕು" ಅಂತ ಕಾರು ಓಡಿಸುವ ಹೊತ್ತೂ, ಕತ್ತಲು ಕವಿದು ಜಿಂಕೆ ಮೇವಿಗೆ ಹೊರಡುವ ಹೊತ್ತೂ ಒಂದೇ. ತಿಂಗಳೂ ಒಂದೇ, ಏಪ್ರಿಲ್ ಮತ್ತು ಮೇ. ರಸ್ತೆ ಪಕ್ಕ ಪೊದೆ ಕಡಿದು ಬಯಲು ಮಾಡಿರುವುದರಿಂದ ಜಿಂಕೆಗಳು ಅಲ್ಲೇ ಗುಂಪು ಸೇರುತ್ತವೆ. ಈ ರಸ್ತೆಯಲ್ಲಿ ಪಳಗಿದ ಡ್ರೈವರುಗಳು ಒಂದು ಹೆಣ್ಣು ಜಿಂಕೆ ಅಡ್ಡ ಹಾರಿದರೆ ಅದು ದಾಟಿದ ಕೂಡಲೇ ಕಾಲನ್ನು ಬ್ರೇಕಿನಿಂದ ತೆಗೆಯುವುದಿಲ್ಲ. ಹಿಂದೆ ಗಂಡು ಇರುತ್ತದೆ. ಅದು ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ಹಾರನ್ನು ಹೊಡೆದರೆ ಇನ್ನಷ್ಟು ಗಾಬರಿಯಾಗಿ ಗಾಡಿಯ ಕಡೆಗೇ ನುಗ್ಗಿದರೂ ನುಗ್ಗಿತು. ಹೊಸಬರು ಮೊದಲನೆಯದಕ್ಕೆ ನಿಧಾನ ಮಾಡಿ, "ಹೋಯ್ತು" ಅಂತ ಎಕ್ಸಲರೇಟರ್ ತುಳಿಯುತ್ತಾರೆ. ಎರಡನೆಯದು ಬಂಪರಿಗೆ ಬರುತ್ತದೆ. ದೊಡ್ಡ ಗಂಡು ಎಂದರೆ ಎಪ್ಪತ್ತು ಎಂಬತ್ತು ಕೆ.ಜಿ. ತೂಗುವ ಪ್ರಾಣಿ, ಅದರ ಮೇಲೆ ಈಟಿಯಂಥ ಕೊಂಬು. ಬೈಕಿನವರಾದರೆ ಜಿಂಕೆಯ ಜೊತೆಗೆ ಅವರೂ ಹೋಗುತ್ತಾರೆ.

ಸುಮಾರು ಏಳೂವರೆ, ಎಂಟು ತಿಂಗಳು ಗರ್ಭ. ಮೇ ತಿಂಗಳಲ್ಲಿ ಕೂಡಿದವು ಸಂಕ್ರಾಂತಿಯ ಆಸುಪಾಸಿಗೆ ಮರಿ ಹಾಕುತ್ತವೆ, ಸಾಮಾನ್ಯವಾಗಿ ಒಂದೇ ಮರಿ. ಅಷ್ಟರೊಳಗೆ ಬಹುಪಾಲು ಗಂಡುಗಳ ಕೊಂಬು ಉದುರಿ, ಮುಳ್ಳುಹಂದಿ ಅದನ್ನು ಕಡಿದು ಮುಗಿಸಿ, ತಲೆಯ ಮೇಲೆ ಮತ್ತೆ ಮಖಮಲ್ಲಿನ ಮೊಳಕೆ ಬಂದಿರುತ್ತದೆ. ಆ ದಿನಗಳಲ್ಲಿ ಬಂಡೀಪುರದ ಮೇಲೆ ಹೋಗುವವರಿಗೆ ಒರಟು ಕೂಗು ಅಪರೂಪ. ರಸ್ತೆಯಂಚಿನ ಹುಲ್ಲಿನಲ್ಲಿ ತಾಯಿ ಮೇಯುತ್ತಿರುತ್ತದೆ. ಮರಿ ಎಲ್ಲೋ ಪೊದೆಯೊಳಗೆ ಅಲುಗಾಡದೆ ಮಲಗಿರುತ್ತದೆ, ಬಸ್ಸಿನ ಕಿಟಕಿಗೆ ಕಾಣುವುದಿಲ್ಲ.