ವಿದೇಶದಲ್ಲಿ ಸಮಾಜಸೇವಾ ಅವಕಾಶ: ಸಿದ್ಧತೆ ಊರಿನಿಂದಲೇ

ಸಮಾಜಕಾರ್ಯ, ಗ್ರಾಮೀಣಾಭಿವೃದ್ಧಿ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಓದುವವರಿಗೆ ವಿದೇಶದಲ್ಲಿ ಸೇವಾನುಭವ ಪಡೆಯಲು ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಒಂದು ಪ್ರಮುಖ ದಾರಿ. 1970ರಲ್ಲಿ ಸ್ಥಾಪನೆಯಾದ ಈ ಕಾರ್ಯಕ್ರಮದ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. 18ರಿಂದ 26 ವರ್ಷದವರಿಗೆ ಯುವ ವಿಭಾಗವಿದೆ; 27 ತುಂಬಿದ ಅನುಭವಿಗಳಿಗೆ ಬೇರೆ ವಿಭಾಗವಿದೆ.

ಇದು ನೌಕರಿಯಲ್ಲ. ಇಲ್ಲಿ ಸಂಬಳವಿಲ್ಲ, ಜೀವನ ನಿರ್ವಹಣೆಯ ಭತ್ಯೆ ಮಾತ್ರ ದೊರೆಯುತ್ತದೆ. ನೇಮಕಾತಿಯ ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಪಡೆಯುವುದಿಲ್ಲ. ಅದರ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಮಕ್ಕಳ ಭವಿಷ್ಯಕ್ಕೆಂದು ಒಡವೆ ಅಡವಿಡುವ ಮುನ್ನ ಪಾಲಕರು ಇದನ್ನು ನೆನಪಿಡಬೇಕು.

ಇಂಥ ಕೆಲಸಕ್ಕೆ ಅಂಕಪಟ್ಟಿಯಷ್ಟೇ ಜನರ ನಡುವೆ ದುಡಿದ ಅನುಭವವೂ ಮುಖ್ಯ. ರಾಯಚೂರು ಜಿಲ್ಲೆಯ ವಿದ್ಯಾರ್ಥಿಗಳಿಗೆ ಅದು ಮನೆ ಬಾಗಿಲಲ್ಲೇ ಸಿಗುತ್ತದೆ. ದೇವದುರ್ಗದಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಿಕ್ಷಣ, ಮಾನ್ವಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ರೈತರ ನೀರಿನ ಕೊರತೆ, ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ದೇವಸುಗೂರು ಸುತ್ತಲಿನ ಜನರ ಆರೋಗ್ಯ: ಯಾವುದಾದರೂ ಒಂದನ್ನು ಆರಿಸಿ ಆರು ತಿಂಗಳು ದುಡಿಯಬಹುದು. ಎಷ್ಟು ಮನೆಗಳಿಗೆ ಹೋದರು, ಏನು ಕಂಡರು, ಏನು ಬದಲಾಯಿತು ಎಂಬುದನ್ನು ಬರೆದಿಟ್ಟರೆ ಅರ್ಜಿಗೆ ತೂಕ ಬರುತ್ತದೆ.

ಹೊರಡುವ ಮುನ್ನ ವಸತಿ, ವಿಮೆ, ಕೆಲಸದ ವೇಳೆಯನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮವಿರುವವರು ಸ್ವತಃ ಅಡುಗೆ ಮಾಡಿಕೊಳ್ಳಲು ಅನುಕೂಲವಿದೆಯೇ ಎಂದು ಮೊದಲೇ ಕೇಳುವುದು ಒಳಿತು.