ಹತ್ತಿ ಬಾರದ ಊರಿಗೆ ಕವಿ ಬಂದ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವರು ಇಲ್ಲಿ ಕೆಲಕಾಲ ತಂಗಿದ್ದರು, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಇಲ್ಲೇ ಬರೆದರು. ಕಾರವಾರದ ಬಗ್ಗೆ ಬರೆಯುವವರೆಲ್ಲ ಹೇಳುವುದು ಇಷ್ಟೇ. ಬಂಗಾಳದ ಹುಡುಗ ಇಷ್ಟು ದೂರ ಬಂದದ್ದೇಕೆ ಎಂದರೆ, ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಅಣ್ಣ ಇಲ್ಲಿಗೇ ಏಕೆ ಬಂದರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಘಟ್ಟ ಹತ್ತಿ ಧಾರವಾಡದ ಹತ್ತಿ ಹೊಲಗಳನ್ನು ಮುಟ್ಟುತ್ತದೆ.

ಆ ಹತ್ತಿಯ ಬಂದರು ಆಗ ಕುಮಟಾ. ಹುಬ್ಬಳ್ಳಿ, ಧಾರವಾಡಗಳ ಅಂಡಿಗೆಗಳು ಎತ್ತಿನ ಮೇಲೆ, ಬಂಡಿಯ ಮೇಲೆ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿದ್ದವು. ಬೆಳೆದದ್ದು ಬಯಲುಸೀಮೆಯಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಆದರೆ ಕುಮಟಾ ಗಾಳಿಗೆ ಬಯಲಾದ ಬಂದರು, ಮಳೆಗಾಲದಲ್ಲಿ ಅದರ ಬಾಗಿಲು ಬಂದ್. ಕಾರವಾರದ ಕೊಲ್ಲಿಗೋ ಬೈತಖೋಲದ ಗುಡ್ಡದ ಮರೆ ಇತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋದಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಈ ಕೊಲ್ಲಿಯ ಮೇಲೆ ಬಿತ್ತು.

ಇಲ್ಲಿಂದ ಮುಂದೆ ನಡೆದದ್ದು ಒಂದು ಜಗಳ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದ್ದು, ಅದನ್ನು ಹಡಗಿಗೆ ಹಾಕಬೇಕಾದ ಕರಾವಳಿ ಮದ್ರಾಸಿನದು. ಮದ್ರಾಸ್ ಸರ್ಕಾರ ರಸ್ತೆ ಮಾಡಿಸುತ್ತಿಲ್ಲ ಎಂದು ವರ್ತಕರು ಲಂಡನ್ನಿನವರೆಗೆ ದೂರು ಒಯ್ದರು. ಅವರ ಒತ್ತಡ ಎಷ್ಟಿತ್ತೆಂದರೆ 1862ರಲ್ಲಿ ಉತ್ತರ ಕನ್ನಡವನ್ನೇ ಮುಂಬಯಿಗೆ ಸೇರಿಸಲಾಯಿತು. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಅಂದರೆ ಒಂದು ಜಿಲ್ಲೆಯ ಗಡಿ ಗೀಚಿದ್ದು ಮಗ್ಗದ ಹಸಿವು. ಮೀನುಗಾರರ ಹಳ್ಳಿಯಾಗಿದ್ದ ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯತೊಡಗಿತು. ಕಚೇರಿ, ಬಂಗಲೆಗಳೆದ್ದವು, 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭವೂ ಎದ್ದಿತು.

ಆದರೆ ಹತ್ತಿ ಬರಲಿಲ್ಲ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಉತ್ಸಾಹದಿಂದ ಯಂತ್ರಗಳನ್ನು ಹಡಗಿನಲ್ಲಿ ಕಳಿಸಿಯೇಬಿಟ್ಟಿತು. ಬಂದು ನೋಡಿದರೆ ಅವನ್ನಿಳಿಸಲು ಧಕ್ಕೆ ಇಲ್ಲ, ಮೇಲಕ್ಕೊಯ್ಯಲು ಘಟ್ಟದ ರಸ್ತೆ ಮುಗಿದಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಮುಳುಗಿತು. 1865ರಲ್ಲಿ ಅಮೆರಿಕದ ಯುದ್ಧ ನಿಂತದ್ದೇ ಹತ್ತಿಯ ಬೆಲೆ ಕುಸಿಯಿತು, ಕಾರವಾರದ ಮೇಲಿನ ಮೋಹವೂ ಇಳಿಯಿತು. 1878ರಲ್ಲಿ ಬ್ರಿಟಿಷರು ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡ ಮೇಲಂತೂ ಬಯಲುಸೀಮೆಯಿಂದ ಕಡಲಿಗಿಳಿಯಬೇಕಿದ್ದ ರೈಲು ಗೋವೆಯ ಮುರ್ಮುಗೋವಾ ಬಂದರಿನ ಪಾಲಾಯಿತು. ಕಾರವಾರಕ್ಕೆ ಉಳಿದದ್ದು ಕಚೇರಿಗಳು, ಮೀನು ದೋಣಿಗಳು ಮತ್ತು ಹಡಗು ನಿಲ್ಲದ ಕೊಲ್ಲಿ.

ಟ್ಯಾಗೋರ್ ಕಂಡದ್ದು ಈ ಕಾರವಾರವನ್ನು. ತಮ್ಮ ‘ಜೀವನಸ್ಮೃತಿ’ಯಲ್ಲಿ ಅವರು ನೆನೆಯುವ ಗುಡ್ಡ ಸುತ್ತಿದ ಪುಟ್ಟ ಬಂದರು, ಗಾಳಿಮರದ ತೋಪು, ಕಾಳಿ ನದಿಯಲ್ಲಿ ದೋಣಿಯೇರಿ ಹಳೆಯ ಕೋಟೆಗೆ ಹೋಗಿ ಬೆಳದಿಂಗಳಲ್ಲಿ ಮರಳಿದ್ದು, ಎಲ್ಲದರಲ್ಲೂ ಇರುವ ನಿಶ್ಶಬ್ದ ಸೋತ ಬಂದರಿನ ನಿಶ್ಶಬ್ದ ಎಂಬುದು ನನ್ನ ವಾದ. ಹತ್ತಿ ಬಂದಿದ್ದರೆ ಆ ಮರಳಿನ ಮೇಲೆ ಪ್ರೆಸ್ಸುಗಳೂ ಗೋದಾಮುಗಳೂ ನಿಂತಿರುತ್ತಿದ್ದವು. ಹತ್ತಿಯ ಆಸೆಯೇ ಹುಟ್ಟಿರದಿದ್ದರೆ ಊರು ಮದ್ರಾಸಿನಲ್ಲೇ ಉಳಿದು, ಮುಂಬಯಿ ಪ್ರಾಂತ್ಯದ ನೌಕರಿಯಲ್ಲಿದ್ದ ಸತ್ಯೇಂದ್ರನಾಥರಿಗೆ ಇಲ್ಲಿಗೆ ವರ್ಗವಾಗುವ ದಾರಿಯೇ ಇರುತ್ತಿರಲಿಲ್ಲ. ಐಸಿಎಸ್ ಸೇರಿದ ಮೊದಲ ಭಾರತೀಯನ ಬಂಗಲೆ ಇಲ್ಲಿರಲು ಆಸೆಯೂ ಬೇಕಿತ್ತು, ಸೋಲೂ ಬೇಕಿತ್ತು.

ಗುಡ್ಡ, ನದಿ, ಕಡಲನ್ನು ಮ್ಯಾಂಚೆಸ್ಟರ್ ತಂದಿತೇ ಎಂದು ಯಾರಾದರೂ ಕೇಳಬಹುದು. ಇಲ್ಲ, ನಿಜ. ಆದರೆ ಅಂಥದೇ ಗುಡ್ಡ, ಅಂಥದೇ ಅಳಿವೆ ಬೇಲೆಕೇರಿ, ತದಡಿಗಳಲ್ಲೂ ಇವೆ. ಅಲ್ಲಿಗೆ ಜಡ್ಜ್ ಸಾಹೇಬರ ತಮ್ಮ ಬಂದು ತಿಂಗಳುಗಟ್ಟಲೆ ಇರುವ ಪ್ರಶ್ನೆಯೇ ಇರಲಿಲ್ಲ. ಕವಿ ಮೆಚ್ಚಿದ ಗಾಳಿಮರವೂ ಈ ಮಣ್ಣಿನದಲ್ಲ, ಹೊರಗಿನದು. 1868ರ ಸುಮಾರಿಗೆ ಸೌದೆಗೆಂದು ಇಲ್ಲಿ ನೆಡತೊಡಗಿದ್ದು. ಪ್ರತಿಭೆಯಿದ್ದವನು ಎಲ್ಲಿದ್ದರೂ ಬರೆಯುತ್ತಿದ್ದ ಎಂಬ ಇನ್ನೊಂದು ಆಕ್ಷೇಪಕ್ಕೆ ಟ್ಯಾಗೋರರದೇ ಉತ್ತರವಿದೆ. ಲೋಕ ಬಿಟ್ಟ ಸನ್ಯಾಸಿಯನ್ನು ಒಂದು ಹುಡುಗಿಯ ಅಕ್ಕರೆ ಮತ್ತೆ ಲೋಕಕ್ಕೆ ಎಳೆಯುವ ಆ ನಾಟಕವನ್ನು ತಮ್ಮ ಮುಂದಿನ ಬರವಣಿಗೆಗೆಲ್ಲ ಪೀಠಿಕೆಯೆಂದು ಅವರೇ ಕಂಡರು, ಕಾರವಾರದ ನೆನಪಿನೊಂದಿಗೇ ಅದನ್ನು ಹೇಳಿದರು.

ಸಿಟ್ಟು ಬರುವುದು ಒಂದಕ್ಕೆ. ಕವಿಯ ಹೆಸರನ್ನು ತೀರಕ್ಕಿಟ್ಟ ನಾವು ಬಂದರಿನ ಕಥೆಯನ್ನು ಮರೆತೆವು. ಹೀಗಾಗಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಅದು ಹೊಸ ಜಗಳದಂತೆ ಕಂಡಿತು. ಈ ಕೊಲ್ಲಿ ಯಾರಿಗೆ, ದೊಡ್ಡ ಹಡಗಿಗೋ ಸಣ್ಣ ದೋಣಿಗೋ ಎಂಬ ತಕರಾರು 1862ರಿಂದಲೂ ತೀರ್ಮಾನವಾಗದೆ ಬಿದ್ದಿದೆ. ಘಟ್ಟದ ದಾರಿಯ ಕಥೆಯೂ ಅಷ್ಟೇ: ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇನ್ನೂ ಇಳಿದಿಲ್ಲ.